ಪರದೆ ತೋರಿಸಿ ಎಂದವರು ಯಾರು? ಗಡಿಯ ಮೊಬೈಲುಗಳಿಗೆ ಒಂದು ಪ್ರಶ್ನೆ

ಜಹೀರಾಬಾದ್: ನ್ಯಾಲ್ಕಲ್ ಮಂಡಲದ ಹಳ್ಳಿಯೊಂದರಲ್ಲಿ ನಮ್ಮ ಕಾಕಾ ಒಬ್ಬರಿದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ. ಬೀದರಿನಲ್ಲಿ ನಾಲ್ಕಕ್ಷರ ಕಲಿತವರಾದ್ದರಿಂದ ಕನ್ನಡ ಚೆನ್ನಾಗಿ ಓದುತ್ತಾರೆ. ಮಂಡಲ ಕಚೇರಿಯಲ್ಲಿ ತೆಲುಗು ಮಾತಾಡುತ್ತಾರೆ, ಸಂತೆಯಲ್ಲಿ ದಖನಿ ಉರ್ದುವಿನಲ್ಲಿ ಚೌಕಾಸಿ ಮಾಡುತ್ತಾರೆ. ಅವರಿಗೆ ಬಾರದ ಭಾಷೆ ಒಂದೇ, ಇಂಗ್ಲಿಷ್. ಅವರ ಕಿಸೆಯಲ್ಲಿರುವ ಮೊಬೈಲಿಗೆ ಬರುತ್ತಿದ್ದ ಭಾಷೆಯೂ ಒಂದೇ, ಅದೇ ಇಂಗ್ಲಿಷ್!

ಕಾಕಾನ ಮಗ ಬೆಂಗಳೂರಿನಲ್ಲಿ ನೌಕರಿ ಮಾಡುತ್ತಾನೆ. ಗ್ಯಾಸ್ ಬುಕ್ ಮಾಡುವುದಿರಲಿ, ಪಿಂಚಣಿ ಬಂತೋ ಇಲ್ಲವೋ ನೋಡುವುದಿರಲಿ, ಎಲ್ಲಕ್ಕೂ ಅವನೇ ಬೇಕು. ಮೊದಲೆಲ್ಲ ಫೋನಿನಲ್ಲೇ ಹೇಳಿಕೊಡುತ್ತಿದ್ದ. ‘ಅಪ್ಪಾ, ಮ್ಯಾಲ ಮೂರು ಚುಕ್ಕಿ ಅವ ನೋಡ್ರಿ’ ಎಂದು ಅವನು, ‘ಎಲ್ಲೈತಪ್ಪ ಚುಕ್ಕಿ, ಇಲ್ಲಿ ಗೆರಿ ಅದಾವ’ ಎಂದು ಇವರು. ಅರ್ಧ ಗಂಟೆ ಹೀಗೇ ಹೋಗುತ್ತಿತ್ತು. ಆಮೇಲೆ ಮಗ ಒಂದು ಉಪಾಯ ಕಂಡುಕೊಂಡ. ಅಪ್ಪನ ಮೊಬೈಲಿಗೆ ಗೂಗಲ್ ಮೀಟ್ ಹಾಕಿಸಿದ. ತನ್ನ ಆಫೀಸಿನ ಕಂಪ್ಯೂಟರಿನಲ್ಲಿ ಬ್ರೌಸರ್ ತೆರೆದು ಕೂತರೆ ಸಾಕು, ನ್ಯಾಲ್ಕಲ್ ಸೀಮೆಯ ಮೊಬೈಲಿನ ಪರದೆ ಬೆಂಗಳೂರಿನಲ್ಲಿ ಹಾಗೇ ಕಾಣುತ್ತಿತ್ತು. ಅಪ್ಪನ ಬೆರಳು ಎಲ್ಲಿಗೆ ಹೋಗುತ್ತಿದೆ ಎಂಬುದೂ ಮಗನಿಗೆ ತಿಳಿಯುತ್ತಿತ್ತು. ಅರ್ಧ ಗಂಟೆಯ ಕೆಲಸ ಐದು ನಿಮಿಷಕ್ಕೆ ಇಳಿಯಿತು.

ಪರದೆ ಹಂಚುವ ಮೊದಲು ಮೊಬೈಲು ಒಂದು ಡಬ್ಬಿ ತೋರಿಸುತ್ತದೆ. ಅದರಲ್ಲಿ ನಾಲ್ಕೈದು ಸಾಲು ಇಂಗ್ಲಿಷ್, ಕೆಳಗೆ ಎರಡು ಗುಂಡಿ. ಮಗ ಹೇಳಿದ್ದು ಇಷ್ಟೇ: ‘ಅಪ್ಪಾ, ಡಬ್ಬಿ ಬಂದ್ರ ಬಲಕ್ಕಿರೋದು ಒತ್ರಿ.’ ಕಾಕಾ ಒತ್ತುತ್ತಿದ್ದರು. ಹತ್ತು ಸಲ, ಇಪ್ಪತ್ತು ಸಲ. ಹೆಬ್ಬೆರಳಿಗೆ ಅದು ರೂಢಿಯಾಗಿ ಹೋಯಿತು.

ಒಂದು ಮಧ್ಯಾಹ್ನ ಯಾರೋ ಫೋನು ಮಾಡಿದರು. ಬ್ಯಾಂಕಿನ ಕೆವೈಸಿ ಮುಗಿದಿದೆ, ಇವತ್ತು ಸರಿಪಡಿಸದಿದ್ದರೆ ಖಾತೆ ಬಂದ್ ಆಗುತ್ತದೆ ಎಂದರು. ಮಾತು ಹಿಂದಿಯಲ್ಲಿ, ಬಲು ಮರ್ಯಾದೆಯಿಂದ. ಒಂದು ಆ್ಯಪ್ ಇಳಿಸಿಕೊಳ್ಳಲು ಹೇಳಿದರು, ಒಂದು ಸಂಖ್ಯೆ ಓದಿ ಹೇಳಿ ಎಂದರು. ಆಮೇಲೆ ಅದೇ ಡಬ್ಬಿ ಬಂತು. ಕಾಕಾ ಬಲಗಡೆಯ ಗುಂಡಿ ಒತ್ತಿದರು. ಮಗ ಕಲಿಸಿದ ಪಾಠ ಅವರು ಮರೆತಿರಲಿಲ್ಲ.

38 ಸಾವಿರ ರೂಪಾಯಿ ಹೋಯಿತು. ಸೋಯಾ ಮಾರಿದ ದುಡ್ಡು.

ಕಿಟಕಿಯ ಆಚೆ ಯಾರಿದ್ದಾರೆ?

ಪರದೆ ಹಂಚಿಕೆ ಎಂದರೆ ಕಳ್ಳರ ವಿದ್ಯೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಶಾಲೆಯ ಮೇಷ್ಟ್ರು ತಮ್ಮ ಮೊಬೈಲಿನ ಪಾಠವನ್ನು ಗೋಡೆಯ ಮೇಲೆ ತೋರಿಸುವುದು ಇದರಿಂದಲೇ. ಆಂಡ್ರಾಯ್ಡ್ ಮೊಬೈಲಿನಲ್ಲಿ ಸ್ಕ್ರೀನ್‌ಸ್ಟ್ರೀಮ್‌ನಂಥ ಆ್ಯಪ್ ಹಾಕಿಕೊಂಡರೆ ಮೊಬೈಲೇ ಒಂದು ಪುಟ್ಟ ಜಾಲತಾಣವಾಗುತ್ತದೆ. ಅದು ಕೊಡುವ ಅಂಕಿಗಳ ವಿಳಾಸವನ್ನು ಅದೇ ವೈಫೈಯಲ್ಲಿರುವ ಕಂಪ್ಯೂಟರಿನ ಬ್ರೌಸರಿನಲ್ಲಿ ಹಾಕಿದರೆ ಪರದೆ ಅಲ್ಲಿ ಮೂಡುತ್ತದೆ. ಕೇಬಲ್ ಬೇಡ, ಕಂಪ್ಯೂಟರಿಗೆ ಬೇರೆ ಸಾಫ್ಟ್‌ವೇರ್ ಬೇಡ. ಕೋಣೆಯೊಳಗಿನ ಈ ಆಟವನ್ನು ಊರಾಚೆಗೂ ಒಯ್ಯಬಹುದು. 2011ರಲ್ಲಿ ಗೂಗಲ್ ಎಲ್ಲರಿಗೂ ಬಿಟ್ಟುಕೊಟ್ಟ, 2021ರಲ್ಲಿ ಅಂತರ್ಜಾಲದ ಅಧಿಕೃತ ಮಾನದಂಡವಾದ ವೆಬ್‌ಆರ್‌ಟಿಸಿ ಎಂಬ ತಂತ್ರಜ್ಞಾನ ಬ್ರೌಸರಿನಿಂದ ಬ್ರೌಸರಿಗೆ ಮಾತು, ಚಿತ್ರ ಎರಡನ್ನೂ ಸಾಗಿಸುತ್ತದೆ. ಬೆಂಗಳೂರಿನ ಮಗನಿಗೆ ಅಪ್ಪನ ಪರದೆ ಕಂಡದ್ದು ಇದರ ಕೃಪೆಯಿಂದ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ನೋಡುವವನಿಗೆ ಬರಿಯ ಬ್ರೌಸರ್ ಸಾಕು, ತೋರಿಸುವ ಮೊಬೈಲಿಗೆ ಮಾತ್ರ ಸಾಮಾನ್ಯವಾಗಿ ಆ್ಯಪ್ ಬೇಕು. ಕಂಪ್ಯೂಟರಿನ ಕ್ರೋಮ್ ಬ್ರೌಸರಿಗೆ 2019ರಲ್ಲೇ ಬಂದ ಪರದೆ ಹಂಚುವ ಸೌಲಭ್ಯ ಮೊಬೈಲಿನ ಬ್ರೌಸರಿಗೆ ಅಷ್ಟು ಸಲೀಸಾಗಿ ದಕ್ಕಲಿಲ್ಲ. ಆದ್ದರಿಂದಲೇ ಫೋನು ಮಾಡಿದವನು ಮೊದಲು ಹೇಳುವ ಮಾತು ‘ಈ ಆ್ಯಪ್ ಇಳಿಸಿಕೊಳ್ಳಿ’ ಎಂದು. ಅವನು ಎಲ್ಲೋ ಒಂದು ಕೋಣೆಯಲ್ಲಿ ಕಂಪ್ಯೂಟರಿನ ಕಿಟಕಿ ತೆರೆದು ಕೂತಿರುತ್ತಾನೆ. ಬಾಗಿಲು ತೆಗೆಯಬೇಕಾದವರು ನಾವು.

ಆ ಬಾಗಿಲೇ ನಾನು ಹೇಳಿದ ಡಬ್ಬಿ. 2014ರಲ್ಲಿ ಬಂದ ಆಂಡ್ರಾಯ್ಡ್ 5ರಿಂದ ಈಚೆಗೆ, ಯಾವ ಆ್ಯಪ್ ಆದರೂ ಪರದೆಯನ್ನು ಹೊರಗೆ ಕಳಿಸಬೇಕಾದರೆ ಮೊಬೈಲಿನ ಯಜಮಾನನ ಅಪ್ಪಣೆ ಕೇಳಲೇಬೇಕು. ಡಬ್ಬಿಯಲ್ಲಿ ಬರೆದದ್ದನ್ನು ಒಮ್ಮೆ ಓದಿ ನೋಡಿ. ಪರದೆಯ ಮೇಲೆ ಕಾಣುವುದೆಲ್ಲವೂ ಈ ಆ್ಯಪ್‌ಗೆ ಕಾಣುತ್ತದೆ, ಪಾಸ್‌ವರ್ಡ್, ಹಣ ಪಾವತಿಯ ವಿವರ, ಫೋಟೋ, ಸಂದೇಶ ಎಲ್ಲವೂ, ಎಂದು ಬಿಡಿಸಿ ಬರೆದಿರುತ್ತದೆ. ಇದಕ್ಕಿಂತ ಸ್ಪಷ್ಟವಾದ ಎಚ್ಚರಿಕೆ ಬೇರೆ ಬೇಕೆ? ಬೇಡ. ಆದರೆ ಅದು ಯಾವ ಭಾಷೆಯಲ್ಲಿದೆ? ಕಾಕಾ ಪಾಲಿಗೆ ಅದು ಓದಲಾಗದ ನಾಲ್ಕು ಸಾಲು ಮತ್ತು ಒತ್ತಬೇಕಾದ ಒಂದು ಗುಂಡಿ.

ಬ್ಯಾಂಕಿನ ಆ್ಯಪ್‌ಗಳು ತಕ್ಕಮಟ್ಟಿಗೆ ಹುಷಾರಾಗಿವೆ ನಿಜ. ಪರದೆ ಹಂಚುತ್ತಿರುವಾಗ ಅಂಥ ಹಲವು ಆ್ಯಪ್ ತೆರೆದರೆ ಆಚೆಯವನಿಗೆ ಬರೀ ಕಪ್ಪು ಕಾಣುತ್ತದೆ. ಆದರೆ ಕಳ್ಳನಿಗೆ ಬ್ಯಾಂಕಿನ ಆ್ಯಪ್ ನೋಡುವ ದರ್ದು ಎಲ್ಲಿದೆ? ಕಾರ್ಡಿನ ಸಂಖ್ಯೆಯನ್ನು ಮಾತಿನಲ್ಲೇ ಕೇಳಿಕೊಂಡಿರುತ್ತಾನೆ. ಅವನಿಗೆ ಬೇಕಾದದ್ದು ಆರು ಅಂಕಿಯ ಓಟಿಪಿ. ಅದು ಸಂದೇಶವಾಗಿ ಪರದೆಯ ನೆತ್ತಿಯ ಮೇಲೆ ತಾನಾಗಿಯೇ ಇಳಿದು ಬರುತ್ತದೆ. ‘ಓಟಿಪಿ ಯಾರಿಗೂ ಹೇಳಬೇಡಿ’ ಎಂದು ವರ್ಷಗಟ್ಟಲೆ ಜಾಹೀರಾತು ಹಾಕಿದರಲ್ಲ, ಕಾಕಾ ಯಾರಿಗೂ ಹೇಳಲಿಲ್ಲ. ಬಾಯಿ ಬಿಡುವ ಅಗತ್ಯವೇ ಬೀಳಲಿಲ್ಲ!

ಇದು ಹೊಸ ಹಾವಳಿಯೇನಲ್ಲ. ಎನಿಡೆಸ್ಕ್ ಎಂಬ ದೂರನಿಯಂತ್ರಣ ಆ್ಯಪ್ ಬಳಸಿ ಖಾತೆ ದೋಚುತ್ತಿದ್ದಾರೆಂದು ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಎನಿಡೆಸ್ಕ್ ಆಗಲಿ ಟೀಮ್‌ವ್ಯೂವರ್ ಆಗಲಿ ಮೂಲದಲ್ಲಿ ಕಂಪ್ಯೂಟರ್ ರಿಪೇರಿಯವರ ಉಪಕರಣಗಳು. ಚಾಕು ಅಡುಗೆಮನೆಯಲ್ಲೂ ಇರುತ್ತದೆ. 2023ರ ಆಗಸ್ಟಿನಲ್ಲಿ ವಾಟ್ಸಾಪ್ ವಿಡಿಯೋ ಕರೆಯಲ್ಲೇ ಪರದೆ ಹಂಚುವ ಅವಕಾಶ ಬಂದಮೇಲೆ ಬೇರೆ ಆ್ಯಪ್ ಇಳಿಸಿಕೊಳ್ಳುವ ತಾಪತ್ರಯವೂ ತಪ್ಪಿತು, ಇಬ್ಬರಿಗೂ, ಮಗನಿಗೂ ಕಳ್ಳನಿಗೂ. ಈಗ ಮನೆ ಮನೆಯ ಮೊಬೈಲಿನಲ್ಲೂ ಆ ಗುಂಡಿ ಇದೆ.

ಭಯದ ಇನ್ನೊಂದು ರೂಪ ‘ಡಿಜಿಟಲ್ ಅರೆಸ್ಟ್’. ಪೊಲೀಸ್ ವೇಷದವನು ವಿಡಿಯೋ ಕರೆಯಲ್ಲಿ ಬಂದು ಗಂಟೆಗಟ್ಟಲೆ ಎದುರು ಕೂರಿಸಿಕೊಳ್ಳುವುದು, ಖಾತೆ ತೋರಿಸು ಎನ್ನುವುದು. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಇಂಥದೊಂದು ಕರೆಯ ದೃಶ್ಯವನ್ನೇ ದೇಶಕ್ಕೆ ಕೇಳಿಸಿದ್ದು ನೆನಪಿರಬಹುದು. ಅದನ್ನು ಚಿತ್ರೀಕರಿಸಿ ಬಯಲಿಗೆಳೆದವರು ನಮ್ಮ ವಿಜಯಪುರದವರೇ. ಆ ಜಾಲಗಳು ಬಳಸುತ್ತಿದ್ದ 1,700ಕ್ಕೂ ಹೆಚ್ಚು ಸ್ಕೈಪ್ ಖಾತೆ, 59 ಸಾವಿರ ವಾಟ್ಸಾಪ್ ಖಾತೆಗಳನ್ನು ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಸಮನ್ವಯ ಕೇಂದ್ರ ಮುಚ್ಚಿಸಿತು. 2025ರ ಡಿಸೆಂಬರ್ 1ರಂದು ಸುಪ್ರೀಂ ಕೋರ್ಟ್ ಇಂಥ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಸಂಸತ್ತಿಗೆ ಸರಕಾರ ಕೊಟ್ಟ ಲೆಕ್ಕದ ಪ್ರಕಾರ 2023ರಲ್ಲಿ ಸೈಬರ್ ವಂಚಕರ ಪಾಲಾದದ್ದು 7,465 ಕೋಟಿ ರೂಪಾಯಿ, 2024ರಲ್ಲಿ 22,845 ಕೋಟಿ. ಒಂದೇ ವರ್ಷದಲ್ಲಿ ಮೂರು ಪಟ್ಟು. ಕಾಕಾನ 38 ಸಾವಿರ ಆ ರಾಶಿಯಲ್ಲಿ ಒಂದು ಸೋಯಾ ಕಾಳಿನಷ್ಟೂ ಅಲ್ಲ.

ಮೂರು ತಾಲ್ಲೂಕು, ಎರಡು ರಾಜ್ಯ

ಈಗ ನಮ್ಮ ಸೀಮೆಯ ಮಾತಿಗೆ ಬರುತ್ತೇನೆ. ಜಹೀರಾಬಾದ್, ನಾರಾಯಣಖೇಡ, ತಾಂಡೂರು ಮೂರೂ ಇಂದು ತೆಲಂಗಾಣದಲ್ಲಿವೆ. 1956ರ ನವೆಂಬರ್ 1ರ ತನಕ ಹಾಗಿರಲಿಲ್ಲ. ನಾರಾಯಣಖೇಡ ತಾಲ್ಲೂಕು, ಜಹೀರಾಬಾದ್ ತಾಲ್ಲೂಕು, ಬೀದರ್ ತಾಲ್ಲೂಕಿನ ನ್ಯಾಲ್ಕಲ್ ಸರ್ಕಲ್ ಇವೆಲ್ಲ ಬೀದರ್ ಜಿಲ್ಲೆಯವು. ತಾಂಡೂರು, ಪಕ್ಕದ ಕೊಡಂಗಲ್ ಎರಡೂ ಗುಲಬರ್ಗಾ ಜಿಲ್ಲೆಯವು. ರಾಜ್ಯ ಪುನರ್ವಿಂಗಡಣೆಯ ಕಾಯಿದೆ ಇವನ್ನು ಆಂಧ್ರಕ್ಕೆ ಸೇರಿಸಿತು. ಜಹೀರಾಬಾದ್ ತಾಲ್ಲೂಕಿನಲ್ಲಿ ನಿರ್ಣಾ ಸರ್ಕಲ್ ಒಂದು ಮಾತ್ರ ಕರ್ನಾಟಕಕ್ಕೆ ಉಳಿಯಿತು. 2016ರಲ್ಲಿ ತೆಲಂಗಾಣ ಹೊಸ ಜಿಲ್ಲೆಗಳನ್ನು ಮಾಡಿದಾಗ ಮೊದಲೆರಡು ಸಂಗಾರೆಡ್ಡಿಗೆ, ತಾಂಡೂರು ವಿಕಾರಾಬಾದಿಗೆ ಹೋದವು. ಜಿಲ್ಲೆ ಬದಲಾಯಿತು, ರಾಜ್ಯ ಬದಲಾಯಿತು. ಬೀಗತನ, ಸಂತೆ, ಬ್ಯಾಂಕು ಖಾತೆ ಇವು ಗಡಿ ಕೇಳುವುದಿಲ್ಲ.

ಹೀಗಾಗಿ ಇಲ್ಲಿಯ ಎಷ್ಟೋ ಮನೆಗಳಲ್ಲಿ ಖಾತೆ ಬೀದರಿನಲ್ಲಿ, ಸಿಮ್ಮು ಕರ್ನಾಟಕದ್ದು, ಹೊಲ ತೆಲಂಗಾಣದ್ದು. ಕಾಕಾನದೂ ಹಾಗೆಯೇ. ದುಡ್ಡು ಹೋದ ಮೇಲೆ ಗಡಿಯ ಆಚೆ ಕೇಳಿದರೆ ‘ನೀವು ಆ ಕಡೆಯವರು, ಅಲ್ಲಿ ಕೊಡಿ’ ಎಂದರು. ಈಚೆ ಕೇಳಿದರೆ ‘ಖಾತೆ ಅಲ್ಲಿಯದು, ಅಲ್ಲೇ ಹೋಗಿ’ ಎಂದರು. ಯಾವ ಠಾಣೆ, ಯಾವ ಶಾಖೆ ಎಂದು ಹೆಸರಿಸುವುದಿಲ್ಲ. ಅವರಿಗೂ ಗೊತ್ತಿರಲಿಲ್ಲವೋ ಏನೋ. ಆದರೆ ಕಾನೂನು ಹೀಗೆ ಹೇಳುವುದಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ, ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಜೊತೆಗೆ 1930 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ. ಅಲ್ಲಿ ದೂರು ದಾಖಲಾದರೆ ಹಣ ಯಾವ ಬ್ಯಾಂಕಿನಿಂದ ಯಾವ ಬ್ಯಾಂಕಿಗೆ ಹಾರುತ್ತಿದೆಯೋ ಅಲ್ಲೇ ತಡೆಯುವ ವ್ಯವಸ್ಥೆ 2021ರಿಂದ ಇದೆ. ತಡೆಯಬೇಕಾದರೆ ಗಂಟೆಗಳ ಲೆಕ್ಕ. ಕಾಕಾ ಎರಡು ದಿನ ಆಚೆ ಈಚೆ ಬಸ್ಸು ಹತ್ತಿ ಇಳಿದ ಮೇಲೆ ಅಲ್ಲಿಗೆ ಫೋನು ಹಚ್ಚಿದರು.

ಈ ಎರಡು ದಿನಕ್ಕೆ ಬೆಲೆ ಇದೆ. ಗ್ರಾಹಕರ ಹೊಣೆಗಾರಿಕೆಯ ಬಗ್ಗೆ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯನ್ನು ಓದಿದವರಿಗೆ ಇದು ತಿಳಿಯುತ್ತದೆ. ಬ್ಯಾಂಕಿನದೂ ಗ್ರಾಹಕನದೂ ತಪ್ಪಿಲ್ಲದೆ ಮೂರನೆಯವರಿಂದ ಮೋಸವಾಗಿ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಹೊಣೆ ಸೊನ್ನೆ. ಆದರೆ ಗ್ರಾಹಕನ ನಿರ್ಲಕ್ಷ್ಯದಿಂದ ಗುಟ್ಟಿನ ಸಂಖ್ಯೆ ಹೊರಗೆ ಹೋಗಿದ್ದರೆ, ಬ್ಯಾಂಕಿಗೆ ತಿಳಿಸುವ ತನಕದ ನಷ್ಟವೆಲ್ಲ ಗ್ರಾಹಕನದೇ. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಹಾಗಾದರೆ ಪರದೆ ತೋರಿಸಿದ್ದು ನಿರ್ಲಕ್ಷ್ಯವೇ? ಕಾಕಾಗೆ ಸಿಕ್ಕ ಉತ್ತರ ‘ನೀವೇ ಒಪ್ಪಿಗೆ ಕೊಟ್ಟಿದ್ದೀರಿ’ ಎಂದು. ಆ ಡಬ್ಬಿಯ ಗುಂಡಿ ಒತ್ತಿದ್ದೇ ಒಪ್ಪಿಗೆಯಂತೆ.

ನನ್ನ ತಕರಾರು ಇರುವುದು ಇಲ್ಲಿ. ಓದಲು ಬಾರದ ಭಾಷೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಹಳೆಯ ಕಾಲದಲ್ಲಿ ಸಾಕ್ಷಿಯವರು ‘ಓದಿ ಹೇಳಿದ್ದೀರಾ?’ ಎಂದು ಕೇಳುತ್ತಿದ್ದರು. ಅಪ್ಪಂದಿರ ಕಾಲದ ಸಾಹುಕಾರನ ಪತ್ರದಲ್ಲೂ ‘ಓದಿಸಿ ಕೇಳಿ ರುಜು ಮಾಡಿದ್ದು’ ಎಂಬ ಒಂದು ಸಾಲು ಇರುತ್ತಿತ್ತು. ಸಾಹುಕಾರ ಓದಿ ಹೇಳುತ್ತಿದ್ದನೋ ಬಿಡುತ್ತಿದ್ದನೋ ಅದು ಬೇರೆ ಮಾತು, ಹೇಳಬೇಕೆಂಬ ನಾಚಿಕೆಯಾದರೂ ಇತ್ತು. ಮೊಬೈಲಿನ ಹೆಬ್ಬೆಟ್ಟಿಗೆ ಆ ಸಾಲೂ ಇಲ್ಲ.

ಎಚ್ಚರಿಕೆ ಇದೆ, ಕನ್ನಡದಲ್ಲಿ ಇಲ್ಲ

ಭಾಷಾ ಅಲ್ಪಸಂಖ್ಯಾತರಿಗೆ ಕೊಟ್ಟ ಮಾತುಗಳು ನಮ್ಮ ದೇಶದಲ್ಲಿ ಕಡಿಮೆಯೇನಿಲ್ಲ. ಸಂವಿಧಾನದ 350ಬಿ ವಿಧಿಯಂತೆ ಅದಕ್ಕೊಬ್ಬ ಆಯುಕ್ತರೇ ಇದ್ದಾರೆ. ಒಂದು ಜಿಲ್ಲೆ, ತಾಲ್ಲೂಕು ಅಥವಾ ಪುರಸಭೆಯಲ್ಲಿ ಶೇಕಡಾ 15ರಷ್ಟು ಅಥವಾ ಹೆಚ್ಚು ಜನ ಬೇರೆ ಭಾಷೆಯವರಿದ್ದರೆ ಮುಖ್ಯ ಸರಕಾರಿ ಪ್ರಕಟಣೆಗಳನ್ನು ಆ ಭಾಷೆಯಲ್ಲೂ ಕೊಡಬೇಕೆಂದು ಒಪ್ಪಿಕೊಂಡು ದಶಕಗಳೇ ಆದವು. ಹೊಲದ ಪಹಣಿ, ಮತದಾರರ ಪಟ್ಟಿ ಎಂದರೆ ಮುಖ್ಯ ಪ್ರಕಟಣೆ ಎಂದು ಎಲ್ಲರೂ ಒಪ್ಪುತ್ತಾರೆ. ಖಾತೆಯ ದುಡ್ಡು ಹೋಗದಂತೆ ಕೊಡುವ ಎಚ್ಚರಿಕೆ ಮುಖ್ಯವಲ್ಲವೇ? ತೆಲಂಗಾಣ ಪೊಲೀಸರ ಸೈಬರ್ ಭದ್ರತಾ ಬ್ಯೂರೋ ಇಂಥ ಮೋಸಗಳ ಬಗ್ಗೆ ಜಾಗೃತಿ ಮೂಡಿಸುತ್ತಲೇ ಇದೆ. ಆದರೆ ನಾನು ಓಡಾಡುವ ಹಳ್ಳಿಗಳಲ್ಲಿ, ಬ್ಯಾಂಕಿನ ಗೋಡೆಗಳ ಮೇಲೆ ಕಂಡದ್ದು ತೆಲುಗು, ಇಂಗ್ಲಿಷ್, ಹಿಂದಿ. ಕನ್ನಡದ ಒಂದು ಚೀಟಿಯೂ ನನ್ನ ಕಣ್ಣಿಗೆ ಬಿದ್ದಿಲ್ಲ. ಬೀದರ್, ಕಲಬುರಗಿಯಲ್ಲಿ ಕನ್ನಡದ ಭಿತ್ತಿಪತ್ರಗಳಿವೆ, ಆದರೆ ಅವು ಗಡಿಯ ಚೆಕ್‌ಪೋಸ್ಟ್ ದಾಟಿ ಇತ್ತ ಬರುವುದಿಲ್ಲ. ಕಬ್ಬಿನ ಲಾರಿ ಬರುತ್ತದೆ!

ಜನರ ನುಡಿಯಲ್ಲಿ ಹೇಳಿದರೆ ಜನ ಕೇಳುತ್ತಾರೆಂಬುದಕ್ಕೆ ಜಹೀರಾಬಾದ್ ಸೀಮೆಯಲ್ಲೇ ಸಾಕ್ಷಿ ಇದೆ. ಇಲ್ಲಿಯ ಮಾಚನೂರಿನಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು 2008ರಲ್ಲಿ ಸಂಘಂ ರೇಡಿಯೋ ಶುರು ಮಾಡಿದವು. ಸಿರಿಧಾನ್ಯ, ಬೀಜ, ಮಳೆ, ಬೇನೆ ಎಲ್ಲವನ್ನೂ ಹಳ್ಳಿಯ ಹೆಣ್ಣುಮಕ್ಕಳೇ ತಮ್ಮ ಆಡುಮಾತಿನ ತೆಲುಗಿನಲ್ಲಿ ಹೇಳಿದರು. ಅದು ಪುಸ್ತಕದ ತೆಲುಗಲ್ಲ. ಇದೇ ನಮೂನೆಯಲ್ಲಿ ಪರದೆಯ ಮಾತನ್ನು ನಮ್ಮ ಗಡಿ ಕನ್ನಡದಲ್ಲಿ, ತಾಂಡಾಗಳಿಗೆ ಲಂಬಾಣಿಯಲ್ಲಿ ಹೇಳಲು ಏನು ಅಡ್ಡಿ? ನಾರಾಯಣಖೇಡದ ತಾಂಡಾಗಳಿಂದ ದುಡಿಯಲು ಹೊರಗೆ ಹೋದವರು ಬಹಳ. ಊರಲ್ಲಿ ಉಳಿದ ಮುದುಕರಿಗೆ ಪರವೂರಿನ ಮಕ್ಕಳೇ ಮೊಬೈಲಿನ ಗುರುಗಳು. ಅವರ ಮನೆಯಲ್ಲೂ ‘ಬಲಗಡೆ ಒತ್ತು’ ಎಂಬ ಪಾಠ ನಡೆದೇ ಇರುತ್ತದೆ. ತಾಂಡೂರಿನ ಕಲ್ಲಿನ ವ್ಯಾಪಾರಿಗಳು, ತೊಗರಿ ದಲಾಲರು ಇದಕ್ಕಿಂತ ಚಾಲಾಕಿಗಳು ಎಂದು ನಾನೂ ಅಂದುಕೊಂಡಿದ್ದೆ. ಆದರೆ ವ್ಯಾಪಾರಿಗೆ ಬೀಸುವ ಬಲೆ ಬೇರೆ: ‘ಮುಂಗಡ ಕಳಿಸಿದ್ದೇನೆ, ನಿಮಗೆ ಬಂದಿಲ್ಲವೇ, ಎಲ್ಲಿ ಪರದೆ ತೋರಿಸಿ’ ಎಂಬ ನಯದ ಮಾತು.

ಕಂಪನಿಗಳೂ ಕೈಕಟ್ಟಿ ಕೂತಿಲ್ಲ ಎಂಬುದನ್ನು ಹೇಳಲೇಬೇಕು. 2024ರ ಆಂಡ್ರಾಯ್ಡ್ 15ರಲ್ಲಿ ಪರದೆ ಹಂಚುವಾಗ ಓಟಿಪಿ ಸಂದೇಶಗಳು ಆಚೆಯವನಿಗೆ ಕಾಣದಂತೆ ಮುಚ್ಚಿಡುವ ಏರ್ಪಾಡಾಯಿತು. ಪೂರಾ ಪರದೆಯ ಬದಲು ಒಂದೇ ಆ್ಯಪ್ ತೋರಿಸುವ ಆಯ್ಕೆಯೂ ಇತ್ತೀಚಿನ ಮೊಬೈಲುಗಳಲ್ಲಿದೆ. ಅಪರಿಚಿತರ ಜೊತೆ ಪರದೆ ಹಂಚಲು ಹೋದರೆ ಎಚ್ಚರಿಸುವುದಾಗಿ 2025ರ ಅಕ್ಟೋಬರಿನಲ್ಲಿ ವಾಟ್ಸಾಪ್ ಹೇಳಿತು. ಒಳ್ಳೆಯದೇ. ಆದರೆ ಕಾಕಾನ ಮೊಬೈಲು ಐದು ವರ್ಷ ಹಳೆಯದು, ಅದೂ ಮಗ ಬಳಸಿ ಕೊಟ್ಟದ್ದು. ಹೊಸ ಆಂಡ್ರಾಯ್ಡ್ ಅದಕ್ಕೆ ಬರುವುದಿಲ್ಲ. ನಮ್ಮ ಹಳ್ಳಿಗಳ ಮೊಬೈಲುಗಳಲ್ಲಿ ಬಹುಪಾಲು ಇಂಥವೇ.

ಹಳೆಯ ಮೊಬೈಲಿನಲ್ಲೂ ಆಗುವ ಕೆಲಸ ಒಂದಿದೆ. 2014ರ ಆಂಡ್ರಾಯ್ಡ್ 5ರಿಂದಲೇ ಮೊಬೈಲಿನ ಭಾಷೆಯನ್ನು ಕನ್ನಡಕ್ಕೆ ತಿರುಗಿಸಬಹುದು. ಸೆಟ್ಟಿಂಗ್ಸ್‌ನಲ್ಲಿ ಭಾಷೆ ಎಂಬಲ್ಲಿ ಹೋಗಿ ಕನ್ನಡ ಆರಿಸಿದರೆ ಮೊಬೈಲು ಕೇಳುವ ಅಪ್ಪಣೆಯ ಡಬ್ಬಿಗಳೂ ಕನ್ನಡದಲ್ಲೇ ಬರುತ್ತವೆ. ಖರ್ಚಿಲ್ಲ, ಐದು ನಿಮಿಷದ ಕೆಲಸ. ಮೊಬೈಲು ಮಾರುವ ಅಂಗಡಿಯವರು ಹೊಸ ಸೆಟ್ಟು ಕೊಡುವಾಗ ಗಾಜಿನ ಹೊದಿಕೆ ಹಚ್ಚಿಕೊಡುತ್ತಾರೆ, ಕವರ್ ಹಾಕಿಕೊಡುತ್ತಾರೆ. ‘ಯಾವ ಭಾಷೆ ಹಾಕಲಿ ಕಾಕಾ?’ ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ಓದಿದ ಮಕ್ಕಳಿಗೂ ಇದು ಹೊಳೆಯುವುದಿಲ್ಲ. ಅವರಿಗೆ ಇಂಗ್ಲಿಷ್ ಪರದೆಯೇ ಅನುಕೂಲ, ದೂರದಿಂದ ಹೇಳಿಕೊಡಲು ಸಲೀಸು.

ಹೋದ ತಿಂಗಳು ಕಾಕಾನ ಮೊಬೈಲನ್ನು ನಾನೇ ಕನ್ನಡಕ್ಕೆ ತಿರುಗಿಸಿದೆ. ಕನ್ನಡಕ ಏರಿಸಿಕೊಂಡು ಒಂದೊಂದೇ ಸಾಲು ಓದಿದರು. ‘ಬಿತ್ತರಿಸು ಅಂದ್ರೇನೋ ತಮ್ಮಾ, ಬಿತ್ತಿಗಿ ಮಾಡೋದೇನು?’ ಎಂದರು. ಮೊಬೈಲಿನ ಕನ್ನಡವೂ ಒಮ್ಮೊಮ್ಮೆ ಹೀಗೆ, ಯಾವ ಹಳ್ಳಿಯದೂ ಅಲ್ಲದ ಕನ್ನಡ. ನಾನು ಬಿಡಿಸಿ ಹೇಳಿದೆ. ಆಮೇಲೆ ಪರೀಕ್ಷೆಗೆಂದು ಮಗನ ಜೊತೆ ಮೀಟ್ ಹಚ್ಚಿ, ಪರದೆ ಹಂಚುವ ಗುಂಡಿ ಒತ್ತಿಸಿದೆವು. ಡಬ್ಬಿ ಬಂತು. ಪಾಸ್‌ವರ್ಡು, ಪಾವತಿ ವಿವರ ಎಲ್ಲ ಕಾಣುತ್ತದೆ ಎಂಬ ಸಾಲಿಗೆ ಬಂದಾಗ ಕಾಕಾ ತಲೆ ಎತ್ತಿದರು. ‘ಇದು ಅವತ್ತೂ ಬರದಿತ್ತೇನೋ?’

ಬರೆದಿತ್ತು ಎಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ.

ಈಗ ಮನೆಯಲ್ಲಿ ಒಂದು ಕರಾರು ಆಗಿದೆ. ಪರದೆ ತೋರಿಸಬೇಕಾದರೆ ಫೋನು ಹಚ್ಚುವುದು ಕಾಕಾ, ಅದೂ ಮಗನ ನಂಬರಿಗೆ. ತಾನಾಗಿ ಬಂದ ಕರೆಯಲ್ಲಿ ಯಾರೇ ಕೇಳಿದರೂ, ಮಗನ ದನಿಯೇ ಆದರೂ, ಇಟ್ಟು ತಿರುಗಿ ಹಚ್ಚಬೇಕು. ದೂರಿನ ಸಂಖ್ಯೆಯನ್ನು ಕಾಕಾ ಪಂಚಾಂಗದ ಹಿಂಬದಿ ಬರೆದಿಟ್ಟುಕೊಂಡಿದ್ದಾರೆ. ದುಡ್ಡು ಇನ್ನೂ ಬಂದಿಲ್ಲ.